ಹತ್ತೊಂಬತ್ತರ ಸಾಲು

ನಮ್ಮೂರಿಗೆ ಬಾಗಿಲು ಒಂದೇ. ಅದು ಯಾರ ಇಷ್ಟಕ್ಕೂ ತೆರೆಯುವುದಿಲ್ಲ. ಹರಳು ಹೇಳಿದ ದಿನ ಮಾತ್ರ ತೆರೆಯುತ್ತದೆ.

ಹರಳು ಅಂದರೆ ಹುಣಸೆಬೀಜದಷ್ಟು ಗಾತ್ರದ ಬೆಣಚುಕಲ್ಲು. ಬಾಗಿಲು ನಿಲ್ಲಿಸಿದ ದಿನ ಒಳಗಿನ ಅಂಗಳದಲ್ಲಿ ಒಂದು ಹರಳು ಇಟ್ಟರು. ಮಾರನೆಯ ದಿನ ಇನ್ನೊಂದು. ಹೀಗೆ ದಿನಕ್ಕೊಂದು. ಬೆಳಗಾಗೆದ್ದು ಹರಳಿನವಳು ಆ ದಿನದ ಹರಳು ಹಾಕಿ, ಇಡೀ ರಾಶಿಯನ್ನು ಸಾಲು ಮಾಡಿ ನೋಡುತ್ತಾಳೆ. ಎರಡೆರಡರ ಸಾಲು, ಮೂರುಮೂರರ ಸಾಲು, ಐದೈದರ ಸಾಲು. ಯಾವುದಾದರೂ ಒಂದಕ್ಕೆ ರಾಶಿಯೆಲ್ಲ ಸಮವಾಗಿ ಕೂತುಬಿಟ್ಟರೆ ಅದು ಸಾಲು ದಿನ. ಬಾಗಿಲು ಮುಚ್ಚಿಯೇ ಇರುತ್ತದೆ. ಹೇಗೆ ಹಾಕಿದರೂ ಕೊನೆಗೆ ಒಂದಷ್ಟು ಹರಳು ಮಿಕ್ಕಿ, ರಾಶಿ ಯಾವ ಸಾಲಿಗೂ ಬಗ್ಗದೆ ಹೋದರೆ ಅದು ಒಂಟಿ ದಿನ. ಆ ದಿನ ಬಾಗಿಲು ತೆರೆಯುತ್ತದೆ, ಹೊತ್ತು ಮುಳುಗುವವರೆಗೆ.

ಯಾಕೆ ಹೀಗೆ ಅಂತ ಕೇಳಬೇಡಿ. ನಮ್ಮವರು ಬಿಟ್ಟುಬಂದ ಊರಿಗೆ ಬಾಗಿಲೇ ಇರಲಿಲ್ಲವಂತೆ. ಅಲ್ಲಿ ಮಾತಿಗೂ ಬಾಗಿಲಿರಲಿಲ್ಲವಂತೆ. ನಾಳೆ ಬರ್ತೀನಿ ಅಂದವರು ಯಾರೂ ಬರಲಿಲ್ಲವಂತೆ. ಅದಕ್ಕೇ ಇಲ್ಲಿ ಮಾತು ಕೊಡುವುದೂ ಬಾಗಿಲು ತೆರೆದ ದಿನವೇ. ಬಾಗಿಲಕಂಬ ಮುಟ್ಟಿ ಗಂಡ ಹೆಂಡತಿಗೆ, ಅತ್ತೆ ಸೊಸೆಗೆ, ಅಣ್ಣ ತಮ್ಮನಿಗೆ ಮಾತು ಹೊಸದು ಮಾಡುತ್ತಾರೆ. ಆ ಮಾತು ಮುಂದಿನ ಬಾಗಿಲವರೆಗೆ ಗಟ್ಟಿ.

ಮುಂದಿನ ಬಾಗಿಲು ಎರಡು ದಿನಕ್ಕೂ ಬರಬಹುದು, ಆರಕ್ಕೂ ಬರಬಹುದು, ಹತ್ತಕ್ಕೂ ಬರಬಹುದು. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿನವರೆಗಿನ ಕಾಲಕ್ಕೆ ನಾವು ಬಿಡುವು ಅನ್ನುತ್ತೇವೆ. ಬಿಡುವು ಬೆಳೆಯುತ್ತಲೇ ಹೋದರೆ ಏನು ಗತಿ? ಅದಕ್ಕೂ ಕಟ್ಟು ಮಾಡಿದ್ದಾರೆ. ಅದುವರೆಗೆ ಊರು ಕಂಡ ಅತಿ ದೊಡ್ಡ ಬಿಡುವು ಎಷ್ಟು ದಿನವೋ ಅಷ್ಟು ದಿನ ಕಾಯಬೇಕು. ಅದರ ಮೇಲೆ ಒಂದು ದಿನವೂ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಎಲ್ಲರ ಮಾತೂ ಬಿಚ್ಚಿಹೋಗುತ್ತದೆ.

ಮೊದಮೊದಲು ಅತಿ ದೊಡ್ಡದು ಅಂದರೆ ಎರಡು ದಿನ, ನಾಲ್ಕು ದಿನ, ಆರು ದಿನ. ಆಮೇಲೆ ಎಂಟು. ಎಂಟರಿಂದ ಒಮ್ಮೆಗೇ ಹದಿನಾಲ್ಕಕ್ಕೆ ಹಾರಿತು ನೋಡಿ, ಎಂಟು ಮುಗಿದ ಮೇಲಿನ ಐದು ದಿನ ಊರಿಗೆ ಊರೇ ಬಿಚ್ಚಿಕೊಂಡಿತ್ತು. ಆ ಐದು ದಿನ ಯಾರ ಮನೆಯ ಒಲೆಯ ಮೇಲೆ ಯಾರು ಅನ್ನ ಬೇಯಿಸಿದರು ಅಂತ ನನಗೆ ಗೊತ್ತು. ಈಗ ಅವರೆಲ್ಲ ಮೊಮ್ಮಕ್ಕಳನ್ನು ಎತ್ತಿಕೊಂಡು ದೊಡ್ಡ ಮನುಷ್ಯರ ಹಾಗೆ ಓಡಾಡುತ್ತಾರೆ. ನಾನು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಹೋಗಲಿ ಬಿಡಿ. ಆಮೇಲೆ ಹದಿನೆಂಟಾಯಿತು, ಇಪ್ಪತ್ತಾಯಿತು, ಇಪ್ಪತ್ತೆರಡಾಯಿತು. ಇನ್ನು ಇದಕ್ಕಿಂತ ದೊಡ್ಡದು ಬರಲು ಸಾಧ್ಯವೇ ಇಲ್ಲ ಅಂತ ಊರ ಯಜಮಾನ ಹೇಳಿ, ಇಪ್ಪತ್ತೆರಡು ಅಂತ ಬಾಗಿಲಕಂಬದಲ್ಲಿ ಕೆತ್ತಿಸಿಬಿಟ್ಟ.

ಮೊದಲು ಹರಳು ಹಾಕುತ್ತಿದ್ದವನು ಈ ಯಜಮಾನನೇ. ಬಾಗಿಲು ನಿಲ್ಲಿಸಿ ವರ್ಷವಾಗುವ ಹೊತ್ತಿಗೆ ಅವನು ಎರಡನೆಯ ಮದುವೆ ಮಾಡಿಕೊಂಡ. ಹುಡುಗಿಗೆ ಇಪ್ಪತ್ತು, ಇವನಿಗೆ ಎಷ್ಟು ಅಂತ ಕೇಳಿದರೆ ಕೆಮ್ಮುತ್ತಿದ್ದ. ಮದುವೆಯಾದ ವಾರಕ್ಕೇ ಮಂಡಿನೋವು ಅಂದು ಹರಳು ಹಾಕುವುದನ್ನು ಬಿಟ್ಟ. ಯಾಕೆ ಮಂಡಿನೋವು ಬಂತು ಅಂತ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡದ್ದನ್ನು ಇಲ್ಲಿ ಬರೆಯಲಾರೆ.

ಅವನ ಜಾಗಕ್ಕೆ ಯಾರನ್ನು ಇಡುವುದು? ಬಾಗಿಲಿನ ಮೇಲೆ ಆಸೆಯಿಲ್ಲದವರು ಬೇಕು, ಯಾರಿಗೂ ಕಾಯದವರು ಬೇಕು ಅಂತ ಹುಡುಕಿ ಒಬ್ಬ ವಿಧವೆಯನ್ನು ಇಟ್ಟರು. ಮಕ್ಕಳಿಲ್ಲ, ಹೊರಗಿನ ಊರಲ್ಲಿ ನೆಂಟರಿಲ್ಲ. ಮೂವತ್ತು ವರ್ಷದಿಂದ ಒಬ್ಬಳೇ ಬೇಯಿಸಿ ಒಬ್ಬಳೇ ಉಂಡವಳು. ನಗುವುದೇ ಗೊತ್ತಿಲ್ಲವೇನೋ ಅನ್ನಿಸುವ ಮುಖ. ಅವಳೇ ಹರಳಿನವಳು. ಬೆಳಿಗ್ಗೆ ಬರುವಳು, ಹರಳು ಹಾಕುವಳು. ಎರಡರ ಸಾಲು ಹಾಕುವಳು, ಮೂರರ ಸಾಲು ಹಾಕುವಳು. ಎರಡಕ್ಕೆ ಬಗ್ಗದ ರಾಶಿ ನಾಲ್ಕಕ್ಕೂ ಬಗ್ಗದು, ಆರಕ್ಕೂ ಬಗ್ಗದು ಅಂತ ತಾನೇ ಕಂಡುಕೊಂಡು ಅವನ್ನು ಬಿಡುವಳು. ಸಾಲಿನ ಹರಳು ಹೆಚ್ಚುತ್ತ ಹೆಚ್ಚುತ್ತ, ಸಾಲುಗಳು ಕಮ್ಮಿಯಾಗುತ್ತ ಕಮ್ಮಿಯಾಗುತ್ತ, ಒಂದು ಸಾಲಿನ ಹರಳಿಗಿಂತ ಸಾಲುಗಳೇ ಕಮ್ಮಿ ಅಂತಾದಾಗ ನಿಲ್ಲಿಸುವಳು. ಅಲ್ಲಿಯವರೆಗೆ ಬೆನ್ನು ಎತ್ತುತ್ತಿರಲಿಲ್ಲ.

ಸಾವಿರದ ಮುನ್ನೂರ ಇಪ್ಪತ್ತೇಳನೆಯ ದಿನ ಬಾಗಿಲು ತೆರೆಯಿತು. ಕತ್ತೆಯ ಮೇಲೆ ತಿದಿ ಹೇರಿಕೊಂಡು ಕಲಾಯಿಯವನು ಒಳಗೆ ಬಂದ. ಊರ ಹಿತ್ತಾಳೆ ಪಾತ್ರೆಗಳೆಲ್ಲ ಕಿಲುಬು ಹಿಡಿದು, ಹುಳಿ ಮಾಡಿದರೆ ಹಸಿರು ಬಣ್ಣ ಬರುತ್ತಿತ್ತು. ಬೀದಿಯ ಎಡಬದಿಯ ಮನೆಗಳ ಪಾತ್ರೆ ಮುಗಿಸುವಷ್ಟರಲ್ಲಿ ಅವನ ತವರ ಮುಗಿಯಿತು. ಬಲಬದಿಯವರು ಬೈದರು. ಮುಂದಿನ ಬಾಗಿಲಿಗೆ ತವರ ತರುತ್ತೇನೆ ಅಂದ.

ಎಡಬದಿಯ ಕೊನೆಯ ಮನೆ ಹರಳಿನವಳದು. ಅವಳ ಪಾತ್ರೆ ಮೂರೇ. ಆ ಮೂರಕ್ಕೆ ಅವನು ಒಂದು ಹೊತ್ತು ತೆಗೆದುಕೊಂಡ. ನಾನು ಪಕ್ಕದ ಮನೆಯವಳು; ಗೋಡೆಗೆ ಕಿವಿ ಕೊಡಲಿಲ್ಲ, ಗೋಡೆಯೇ ತೆಳ್ಳಗಿತ್ತು.

"ಇನ್ನೂ ಎಷ್ಟು ಉಜ್ಜುತ್ತೀರಿ?" ಅಂದಳು ಅವಳು.

"ಮುಖ ಕಾಣೋವರೆಗೆ."

"ನನ್ನ ಮುಖ ನೋಡಿ ಏನಾಗಬೇಕು?"

"ನಿಮಗಲ್ಲಮ್ಮ, ನನಗೆ ಕಾಣಬೇಕು" ಅಂದ ಆ ಭಂಡ.

ಆಮೇಲೆ ಗೋಡೆಯಾಚೆ ಒಂದು ಸದ್ದು ಕೇಳಿಸಿತು. ಪಾತ್ರೆ ಬಿತ್ತೋ ಅಂದುಕೊಂಡೆ. ಅಲ್ಲ. ಅವಳು ನಕ್ಕಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೇಗೆ ಗೊತ್ತಾಯಿತು ಅನ್ನುವುದು ಬೇಡ. ವಿಧವೆ ಮದುವೆಯಾಗುತ್ತಾಳಂತೆ! ಅದೂ ಬೀದಿಬೀದಿ ತಿರುಗುವವನನ್ನು! ಐವತ್ತು ದಾಟಿದವಳು! ಅವಳು ನಲವತ್ತೆಂಟು ಅನ್ನುತ್ತಿದ್ದಳು. ಹರಳಿನಲ್ಲಿ ಒಂದು ದಿನವೂ ಸುಳ್ಳು ಹೇಳದವಳು ವಯಸ್ಸಿನಲ್ಲಿ ಹೇಳಿದಳು. ಅದನ್ನು ನಾನು ಕ್ಷಮಿಸಿದ್ದೇನೆ.

ಯಜಮಾನ ಕಂಬದ ಬಳಿ ನಿಂತು ಒಪ್ಪಿಗೆ ಕೊಟ್ಟ. ಒಪ್ಪಿಗೆಗೆ ಒಂದು ಬಾಲ ಸೇರಿಸಿದ.

"ಒಂದೇ ಸಲ, ಕೇಳಿಸ್ಕೋ ತಾಯಿ. ಮುಂದಿನ ಬಾಗಿಲಿಗೆ ಅವನು ಬಂದು ತಾಳಿ ಕಟ್ಟಿದರೆ ಸರಿ. ಮಾತು ಬಿಚ್ಚಿಹೋದರೆ ಇನ್ನೊಂದು ಸಲ ನೀನು ಮದುವೆ ಸುದ್ದಿ ಎತ್ತಬಾರದು. ಇದು ನನ್ನ ಮಾತು."

ಇಬ್ಬರೂ ಕಂಬ ಮುಟ್ಟಿದರು. ಹೊತ್ತು ಮುಳುಗಿತು, ಕಲಾಯಿಯವನು ಹೊರಗೆ ಹೋದ, ಬಾಗಿಲು ಮುಚ್ಚಿತು. ಎಲ್ಲೆಲ್ಲಿ ಓಡಿದನೋ ಏನೋ, ನಾಲ್ಕನೆಯ ದಿನಕ್ಕೇ ತವರ ತಂದು ಬಾಗಿಲ ಹೊರಗೆ ಬಿಡಾರ ಹಾಕಿದ. ತಿದಿಯ ಸದ್ದು ಒಳಗೆ ಕೇಳಿಸುತ್ತಿತ್ತು. ಬುಸ್ಸು, ಬುಸ್ಸು. ನಮ್ಮ ಊರಿಗೇ ಹೊಸ ಉಸಿರು ಬಂದ ಹಾಗೆ.

ಆಮೇಲೆ ಬಿಡುವು ಬೆಳೆಯಿತು.

ನಾಲ್ಕನೆಯ ದಿನ ಹನ್ನೊಂದರ ಸಾಲಿಗೆ ಕೂತಿತು. ಆರನೆಯ ದಿನ ಮೂವತ್ತೊಂದರ ಸಾಲಿಗೆ ಕೂತಿತು. ಎಂಟು ಹೋಯಿತು, ಹತ್ತು ಹೋಯಿತು. ಹನ್ನೆರಡನೆಯ ದಿನ ಹದಿಮೂರಕ್ಕೆ, ಹದಿನಾರನೆಯ ದಿನ ಹದಿನೇಳಕ್ಕೆ. ದಿನಾ ಬೆಳಿಗ್ಗೆ ಹೊಸ ಹರಳು, ದಿನಾ ಸಂಜೆ ಅವಳ ಕೂಗು: "ಸಾಲು ದಿನ!" ಹಾಗೆ ಕೂಗುವುದು ಪದ್ಧತಿ. ಮೊದಲೆಲ್ಲ ಬೀದಿಯಲ್ಲಿ ಸೊಪ್ಪು ಮಾರುವವಳ ಹಾಗೆ ಕೂಗುತ್ತಿದ್ದಳು. ಈಗ ಕೂಗುವ ಮುಂಚೆ ಒಂದು ಸಲ ಎಂಜಲು ನುಂಗುತ್ತಿದ್ದಳು. ನಾನು ನೋಡಿದ್ದೇನೆ.

ಇಪ್ಪತ್ತೆರಡನೆಯ ದಿನ ಬಂತು. ರಾಶಿಯಲ್ಲಿ ಸಾವಿರದ ಮುನ್ನೂರ ನಲವತ್ತೊಂಬತ್ತು ಹರಳು. ಅವತ್ತು ಬಾಗಿಲು ತೆರೆಯದಿದ್ದರೆ ಮಾರನೆಯ ಬೆಳಿಗ್ಗೆ ಎಲ್ಲ ಮಾತೂ ಬಿಚ್ಚುತ್ತದೆ. ಊರಿಗೆ ಊರೇ ಅಂಗಳದ ಸುತ್ತ ಕೂತಿತ್ತು. ಬಲಬದಿಯ ಹೆಂಗಸರು ಕಿಲುಬು ಹಿಡಿದ ಪಾತ್ರೆಗಳನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದರು. ಯಜಮಾನ ತನ್ನ ಕಿರಿಯ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಅವಳ ಸೆರಗಿನ ತುದಿ ಅವನ ಮುಷ್ಟಿಯಲ್ಲಿತ್ತು.

ಹರಳಿನವಳು ಎರಡರ ಸಾಲು ಹಾಕಿದಳು, ಒಂದು ಮಿಕ್ಕಿತು. ಮೂರರ ಸಾಲು ಹಾಕಿದಳು, ಎರಡು ಮಿಕ್ಕಿತು. ಐದರ ಸಾಲು ಹಾಕಿದಳು, ನಾಲ್ಕು ಮಿಕ್ಕಿತು. ಏಳಕ್ಕೆ ಐದು ಮಿಕ್ಕಿತು. ಹನ್ನೊಂದಕ್ಕೆ ಏಳು ಮಿಕ್ಕಿತು. ಹದಿಮೂರಕ್ಕೆ ಹತ್ತು ಮಿಕ್ಕಿತು. ಪ್ರತಿ ಸಲ ಮಿಕ್ಕಾಗಲೂ ಜನ "ಹಾ" ಅನ್ನುತ್ತಿದ್ದರು. ಹದಿನೇಳರ ಸಾಲು ಹಾಕಿದಳು. ಆರು ಮಿಕ್ಕಿತು.

"ಆಯ್ತು, ಆಯ್ತು! ಒಂಟಿ ದಿನ!" ಅಂತ ಬಲಬದಿಯವರು ಪಾತ್ರೆ ಬಡಿದರು.

"ಆಗಿಲ್ಲ. ಹತ್ತೊಂಬತ್ತು ಉಳಿದಿದೆ" ಅಂದಳು ಅವಳು.

"ಅಯ್ಯೋ, ಇಷ್ಟಕ್ಕೆಲ್ಲ ಬಗ್ಗದ್ದು ಹತ್ತೊಂಬತ್ತಕ್ಕೆ ಬಗ್ಗುತ್ತಾ? ಕೂಗೇ ಮಾರಾಯ್ತಿ, ಆಚೆ ನಿನ್ನ ಗಂಡು ಕಾಯ್ತಿದಾನೆ!"

ಯಜಮಾನ ಎದ್ದುಬಂದ. ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮಂಡಿನೋವು ಎಲ್ಲಿ ಹೋಯಿತೋ.

"ನೋಡು ತಾಯಿ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಇವತ್ತೊಂದು ದಿನ ಹದಿನೇಳಕ್ಕೆ ನಿಲ್ಲಿಸು. ಏನೂ ಆಗಲ್ಲ. ನನ್ನ ಕಾಲದಲ್ಲಿ ನಾನು ಹದಿನೇಳಕ್ಕೇ ನಿಲ್ಲಿಸ್ತಿದ್ದೆ. ಊರೇನು ಮುಳುಗಿತಾ?"

ಅವನ ಬಾಯಿಂದ ಏನು ಬಿತ್ತು ಅಂತ ಅವನಿಗೇ ತಡವಾಗಿ ಹೊಳೆಯಿತು. ಅವನ ಕಿರಿಯ ಹೆಂಡತಿ ಮಾತ್ರ ಕತ್ತು ಒಂದು ಕಡೆಗೆ ವಾಲಿಸಿ ಏನೋ ನೆನಪು ಮಾಡಿಕೊಳ್ಳುತ್ತಿದ್ದಳು. ನಮ್ಮೂರಲ್ಲಿ ಪ್ರತಿ ಹೆಂಗಸಿಗೂ ತನ್ನ ಮದುವೆಯ ದಿನ ರಾಶಿಯಲ್ಲಿ ಎಷ್ಟು ಹರಳಿತ್ತು ಅನ್ನುವುದು ಬಾಯಿಪಾಠ.

ಹರಳಿನವಳು ಯಜಮಾನನ ಮುಖ ನೋಡಲಿಲ್ಲ. "ನಿಲ್ಲಿಸಬಹುದು ಯಜಮಾನರೇ. ಆದರೆ ನಿಲ್ಲಿಸಿದೆ ಅಂತ ನನಗೆ ಗೊತ್ತಿರುತ್ತಲ್ಲ" ಅಂದಳು. ಹತ್ತೊಂಬತ್ತರ ಸಾಲು ಹಾಕಲು ಬಗ್ಗಿದಳು.

ಹತ್ತು ಸಾಲಾಯಿತು. ಇಪ್ಪತ್ತಾಯಿತು, ನಲವತ್ತಾಯಿತು. ಬಿಸಿಲು ಅಂಗಳದ ಆಚೆ ಬದಿಗೆ ಹೋಯಿತು. ಅರವತ್ತಾಯಿತು. ಎಪ್ಪತ್ತನೆಯ ಸಾಲು ಮುಗಿದಾಗ ಅವಳ ಬುಟ್ಟಿಯಲ್ಲಿ ಇನ್ನೊಂದು ಹಿಡಿ ಹರಳು. ಅದನ್ನು ಒಂದೊಂದಾಗಿ ಇಟ್ಟಳು. ಇಡುತ್ತ ಇಡುತ್ತ ಬೆರಳು ನಿಧಾನವಾಯಿತು. ಹದಿನೇಳು. ಹದಿನೆಂಟು. ಕೊನೆಯ ಹರಳು ಇಟ್ಟು, ಅದರ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ. ಬುಟ್ಟಿ ಖಾಲಿ. ಎಪ್ಪತ್ತೊಂದು ಸಾಲು, ಒಂದೂ ಮಿಗಲಿಲ್ಲ.

ಎಂಜಲು ನುಂಗಿದಳು. "ಸಾಲು ದಿನ!" ಅಂತ ಕೂಗಿದಳು. ಆ ಕೂಗು ಬಾಗಿಲ ಆಚೆಗೂ ಹೋಯಿತು.

ಜನ ಅವಳನ್ನು ಬೈದು ಎದ್ದುಹೋದರು. ನಾನೂ ಬೈದೆ, ನನ್ನ ಮನೆ ಬಲಬದಿಯಲ್ಲಿ ಇರದಿದ್ದರೂ. ಆದರೆ ಹೋಗಲಿಲ್ಲ. ಬಾಗಿಲ ಮೂಲೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದವಳ ಹಾಗೆ ಕೂತೆ.

ಅವಳು ಬಂದು ಬಾಗಿಲಿಗೆ ಹಣೆ ಒತ್ತಿ ನಿಂತಳು. "ಇವ್ರೇ. ಕೇಳಿಸ್ತಾ?" ಏನಂತ ಕರೆಯಬೇಕೋ ಅವಳಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

"ಕೇಳಿಸದೆ ಏನು? ಹಾಗೆ ಕೂಗಿದಿರಿ" ಅಂದ ಕಲಾಯಿಯವನು ಆಚೆಯಿಂದ.

"ಹತ್ತೊಂಬತ್ತಕ್ಕೆ ಕೂತಿತು."

"ಒಂದು ಹರಳು ಸೆರಗಿಗೆ ಹಾಕ್ಕೊಂಡಿದ್ದರೆ ಯಾರು ನೋಡ್ತಿದ್ದರು?"

"ಒಂದು ತೆಗೆದರೆ ಎರಡಕ್ಕೇ ಕೂರುತ್ತೆ."

"ಎರಡು ತೆಗೀಬೇಕಿತ್ತು."

"ಎರಡು ತೆಗೆದರೆ ಮೂರಕ್ಕೆ ಕೂರುತ್ತೆ."

ಆಚೆ ಕಡೆ ಇಕ್ಕಳ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಎಲ್ಲ ಯೋಚನೆ ಮಾಡಿದ್ದೀರಿ ಅನ್ನಿ" ಅಂದ.

"ಮಾಡಿದ್ದೆ. ಇಪ್ಪತ್ತೆರಡು ತೆಗೆದರೆ ಮಾತ್ರ ಒಂಟಿಯಾಗುತ್ತೆ. ಅಷ್ಟು ಹರಳು ಸೆರಗಲ್ಲಿ ಹಿಡಿಯಲ್ಲ."

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಆ ಕಲ್ಲಿನಂಥವಳು! ಮೋಸ ಮಾಡಲು ಒಂದೊಂದೇ ಹರಳು ಲೆಕ್ಕ ಹಾಕಿ ನೋಡಿದ್ದಾಳೆ! ಊರಿಗೆ ಹೇಳಲು ಇದಕ್ಕಿಂತ ದೊಡ್ಡ ಸುದ್ದಿ ಉಂಟೇ? ಆದರೂ ಎದ್ದುಹೋಗಲು ಕಾಲು ಬರಲಿಲ್ಲ.

"ನಾಳೆ ನೀವು ಬಿಡುಗಡೆ" ಅಂದಳು ಅವಳು. "ಏಳೂರಿನ ಪಾತ್ರೆ ಕಾಯ್ತಿದೆ ಅಂದಿದ್ದಿರಿ. ಹೋಗಬಹುದು. ಮಾತು ಬಿಚ್ಚಿದ ಮೇಲೆ ಕೂಗಿ ಕರೆಯೋ ಹಾಗಿಲ್ಲ, ನಾನೂ ಕೂಗಲ್ಲ, ನೀವೂ ಕೂಗಬಾರದು. ಅದಕ್ಕೇ ಇವತ್ತೇ ಹೇಳಿಬಿಟ್ಟೆ."

"ಹ್ಞೂ" ಅಂದ ಅವನು. ಅಷ್ಟೇ.

ಇಪ್ಪತ್ತಮೂರನೆಯ ದಿನ ಬೆಳಗಾಯಿತು. ತಿದಿಯ ಸದ್ದಿಲ್ಲ. ಊರೆಲ್ಲ ಕಿವಿಗೊಟ್ಟಿತು. ಬಾಗಿಲ ಆಚೆ ಏನೂ ಇಲ್ಲ. ಹೋದ ಅಂದರು. ಗಂಡಸಲ್ಲವೇ, ಹೋದ ಅಂದೆ ನಾನೂ.

ಎಲ್ಲ ಮಾತೂ ಬಿಚ್ಚಿತ್ತು. ಸೊಸೆಯರು ಬೀಗದ ಕೈ ತಂದು ಅತ್ತೆಯರ ಮುಂದೆ ಎಸೆದರು. ಅಣ್ಣತಮ್ಮಂದಿರು ಮಧ್ಯದ ಗೋಡೆಯ ಬಗ್ಗೆ ಇಷ್ಟು ದಿನ ತಡೆದಿದ್ದ ಬೈಗುಳವನ್ನು ಒಂದೇ ಉಸಿರಿಗೆ ಬೈದರು. ಗಂಡಂದಿರು ಜಗುಲಿಯ ಮೇಲೆ ಚಾಪೆ ಹಾಸಿದರು. ನಾನು ಬೀದಿಯ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದೆ. ನೋಡುವುದಕ್ಕೆ ಎರಡು ಕಣ್ಣು ಸಾಲಲಿಲ್ಲ.

ಆಗ ಯಾರೋ ಅಂದರು: "ಹರಳು ಹಾಕೋ ಮಾತೂ ಬಿಚ್ಚಿತಲ್ಲ?"

ಎಲ್ಲರೂ ಅವಳ ಮನೆಯ ಕಡೆ ತಿರುಗಿದರು. ಹೌದಲ್ಲ! ಹರಳು ಹಾಕುತ್ತೇನೆ ಅಂತ ಅವಳು ಕಂಬ ಮುಟ್ಟಿ ಕೊಟ್ಟಿದ್ದೂ ಮಾತೇ. ಅವಳು ಹಾಕದಿದ್ದರೆ ಇವತ್ತು ಯಾವ ದಿನ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲು ಇನ್ನು ತೆರೆಯುವುದೇ ಇಲ್ಲ. ಅವಳಿಗೆ ಬಾಗಿಲಿಂದ ಇನ್ನೇನಾಗಬೇಕು? ಕಾಯುವವನು ಹೋದ. ನಿನ್ನೆ ತನ್ನನ್ನು ಬೈದ ಊರಿಗಾಗಿ ಅವಳು ಯಾಕೆ ಬೆನ್ನು ಬಗ್ಗಿಸಬೇಕು?

ಹೊತ್ತು ಏರಿತು. ಅವಳ ಮನೆಯ ಕದ ಮುಚ್ಚಿತ್ತು. ಜನ ಒಬ್ಬೊಬ್ಬರಾಗಿ ಬಂದು ಅಂಗಳದ ಸುತ್ತ ನಿಂತರು; ಜಗಳ ಅರ್ಧಕ್ಕೆ ಬಿಟ್ಟು ಬಂದವರ ಬಾಯಿ ಇನ್ನೂ ತೆರೆದೇ ಇತ್ತು.

ಕದ ತೆರೆಯಿತು. ಹರಳಿನವಳು ಬಂದಳು. ಕಣ್ಣು ಊದಿಕೊಂಡಿದ್ದವು, ತಲೆ ಬಾಚಿರಲಿಲ್ಲ. ಮುಷ್ಟಿಯಲ್ಲಿ ಆ ದಿನದ ಹರಳು. ರಾಶಿಗೆ ಹಾಕಿದಳು. ಕೂತಳು. ಎರಡರ ಸಾಲು ಶುರು ಮಾಡಿದಳು.

ನಿಜ ಹೇಳುತ್ತೇನೆ, ನನ್ನ ಈ ಎಪ್ಪತ್ತೆಂಟು ವರ್ಷದಲ್ಲಿ ನಾನು ಆಡಿಕೊಳ್ಳದ ಹೆಂಗಸಿಲ್ಲ. ಆ ಬೆಳಿಗ್ಗೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಯಜಮಾನನ ಕಿರಿಯ ಹೆಂಡತಿ ಮಧ್ಯಾಹ್ನ ಒಂದು ಮೊರ ಹಿಡಿದು ಬಂದಳು. ಮೊರದ ತುಂಬ ಹಿತ್ತಲಿನ ಕಲ್ಲು. ಯಜಮಾನನ ಜಗುಲಿಯ ಮುಂದೆ ಬೀದಿಯ ಮಧ್ಯದಲ್ಲೇ ಕೂತು ಸಾಲು ಹಾಕಿದಳು. ಹತ್ತೊಂಬತ್ತರ ಸಾಲು. ಹತ್ತೊಂಬತ್ತೇ ಸಾಲು. ಮುನ್ನೂರ ಅರವತ್ತೊಂದು. ಮಧ್ಯದಲ್ಲಿ ಒಂದು ಹರಳೂ ತಪ್ಪಿಲ್ಲ, ಕೊನೆಯಲ್ಲಿ ಒಂದು ಹರಳೂ ಮಿಗಲಿಲ್ಲ. ಚೌಕವಾದ ಹಾಸಿನ ಹಾಗೆ ಹಾಸಿತ್ತು.

"ಒಳಗೆ ಬಾ. ಆ ಬಾಯಿಬಡುಕಿ ನೋಡ್ತಿದಾಳೆ" ಅಂದ ಯಜಮಾನ, ನನ್ನ ಕಡೆ ಕಣ್ಣು ತೋರಿಸಿ.

"ನೋಡಲಿ. ಇದು ನಮ್ಮ ಮದುವೆ ದಿನದ ರಾಶಿ. ಅವತ್ತು ಬಾಗಿಲು ತೆರೆಯೋ ದಿನವೇ ಆಗಿರಲಿಲ್ಲ."

"ಆಮೇಲೆ ಎಷ್ಟು ಬಾಗಿಲಿಗೆ ಮಾತು ಹೊಸದು ಮಾಡಿದ್ದೀವಿ!"

"ಹೊಸದು ಮಾಡೋಕೆ ಹಳೇದು ಒಂದಿರಬೇಕಲ್ಲ?" ಅಂದಳು. "ಹೊರಗೆ ಗಾಡೀಲಿ ಕೂತು ಒಳಗೆ ಕಾಲಿಡೋಕೆ ಕಾಯ್ತಿದ್ದೋಳು ನಾನು. ಹತ್ತೊಂಬತ್ತರ ಸಾಲೂ ಹಾಕಿ ಇನ್ನಾರು ದಿನ ಕಾಯಿಸಿದ್ದರೆ ಕಾಯ್ತಿದ್ದೆ. ನಿಮಗೆ ತಾಳ್ಮೆ ಇರಲಿಲ್ಲ."

ಮೊರ ಎತ್ತಿಕೊಂಡು ನೇರವಾಗಿ ಹರಳಿನವಳ ಅಂಗಳಕ್ಕೆ ಹೋಗಿ, "ಅಕ್ಕಾ, ನನಗೂ ಕಲಿಸು" ಅಂದಳು. ಹರಳಿನವಳು ಸ್ವಲ್ಪ ಜರುಗಿ ಜಾಗ ಕೊಟ್ಟಳು.

ಹೀಗೆ ಹನ್ನೊಂದು ದಿನ. ಇಬ್ಬರೂ ಸಾಲು ಹಾಕಿದರು. ಏಳಕ್ಕೆ ಕೂತಿತು, ಮೂರಕ್ಕೆ ಕೂತಿತು, ಐದಕ್ಕೆ ಕೂತಿತು. ಮೂವತ್ತನೆಯ ದಿನ ಒಂದಕ್ಕೂ ಬಗ್ಗದೆ ಬಗ್ಗದೆ ಇಪ್ಪತ್ತಮೂರಕ್ಕೆ ಕೂತಿತು. ಹೊರಗಿನಿಂದ ಒಂದು ಸದ್ದಿಲ್ಲ. ಅವಳು ಬಾಗಿಲ ಕಡೆ ಕತ್ತು ತಿರುಗಿಸಲಿಲ್ಲ. ಬಿಚ್ಚಿಕೊಂಡಿದ್ದ ಊರು ಮೊದಲ ಮೂರು ದಿನ ಕುಣಿಯಿತು, ಆಮೇಲೆ ಸುಸ್ತಾಯಿತು. ಐದನೆಯ ದಿನಕ್ಕೆ ಎಷ್ಟೋ ಚಾಪೆಗಳು ಜಗುಲಿಯಿಂದ ಒಳಗೆ ಹೋದವು, ಯಾರೂ ಯಾರಿಗೂ ಹೇಳದೆ. ಕೆಲವು ಹೋಗಲಿಲ್ಲ. ಅವು ಯಾರವು ಅಂತ ಕೇಳಿದರೆ ಬೇರೆಯಾಗಿ ಹೇಳುತ್ತೇನೆ.

ಮೂವತ್ತನಾಲ್ಕನೆಯ ದಿನ. ಸಾವಿರದ ಮುನ್ನೂರ ಅರವತ್ತೊಂದು ಹರಳು. ಎರಡಕ್ಕೆ ಒಂದು ಮಿಕ್ಕಿತು. ಮೂರಕ್ಕೆ ಎರಡು ಮಿಕ್ಕಿತು. ಐದಕ್ಕೆ ಒಂದು, ಏಳಕ್ಕೆ ಮೂರು. ಹನ್ನೊಂದಕ್ಕೆ ಎಂಟು, ಹದಿಮೂರಕ್ಕೆ ಒಂಬತ್ತು. ಹದಿನೇಳಕ್ಕೆ ಒಂದೇ ಒಂದು ಮಿಕ್ಕಿತು. ಯಾರೂ ಪಾತ್ರೆ ಬಡಿಯಲಿಲ್ಲ. ಹತ್ತೊಂಬತ್ತಕ್ಕೆ ಹನ್ನೆರಡು. ಇಪ್ಪತ್ತಮೂರಕ್ಕೆ ನಾಲ್ಕು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೇಳು ಮಿಕ್ಕಿತು. ಎರಡೇ ಹರಳು ಕಮ್ಮಿ, ಇಲ್ಲದಿದ್ದರೆ ಕೂತುಬಿಡುತ್ತಿತ್ತು. ಮೂವತ್ತೊಂದಕ್ಕೆ ಇಪ್ಪತ್ತೆಂಟು. ಮೂವತ್ತೇಳರ ಸಾಲು ಹಾಕಿದಾಗ ಮೂವತ್ತಾರೇ ಸಾಲು ಬಂತು. ಸಾಲಿನ ಹರಳಿಗಿಂತ ಸಾಲು ಕಮ್ಮಿ. ಹರಳಿನವಳು ಕೈ ಒದರಿ ಎದ್ದಳು. ಸೊಂಟ ಹಿಡಿದುಕೊಂಡು, ನಿಧಾನವಾಗಿ, "ಒಂಟಿ ದಿನ" ಅಂದಳು. ಕೂಗಲಿಲ್ಲ. ಅಷ್ಟಕ್ಕೇ ಎಲ್ಲರಿಗೂ ಕೇಳಿಸಿತು.

ಬಾಗಿಲು ತೆರೆಯಿತು.

ಕತ್ತೆ ನಿಂತಿತ್ತು. ಕತ್ತೆಯ ನೆರಳಲ್ಲಿ ಕಲಾಯಿಯವನು ಕೂತಿದ್ದ. ಗಡ್ಡ ಕೆದರಿ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು.

"ತಿದಿ ಸದ್ದಿರಲಿಲ್ಲ" ಅಂದಳು ಹರಳಿನವಳು. ಅವಳ ಬಾಯಿಂದ ಮೊದಲು ಬಂದದ್ದು ಅದೇ.

"ಇದ್ದಿಲು ಮುಗೀತು. ಕೂಗಬಾರದು ಅಂದಿದ್ದಿರಲ್ಲ."

ಯಜಮಾನನಿಗೆ ತಡೆಯಲಾಗಲಿಲ್ಲ. "ಹನ್ನೆರಡು ದಿನ ನಿನ್ನನ್ನ ಯಾರೂ ಹಿಡಿದಿಡಲಿಲ್ಲ. ಯಾಕಯ್ಯಾ ಕೂತಿದ್ದೆ?"

"ಹೋಗೋಣ ಅಂತಲೇ ಎದ್ದೆ ಸ್ವಾಮಿ. ಕತ್ತೆ ಮೇಲೆ ಹೇರಿದ್ದೂ ಆಯ್ತು" ಅಂದ ಅವನು. "ಏಳೂರು ತಿರುಗೋನು ನಾನು. ಎಲ್ಲ ಊರಲ್ಲೂ ನನ್ನ ನೋಡಿದ ತಕ್ಷಣ ಬಾ ಬಾ ಅಂತಾರೆ, ಕೆಲಸ ಆದ ಮೇಲೆ ಹೋಗು ಅಂತಾರೆ. ಈಯಮ್ಮ ತನ್ನ ಮದುವೆಗೇ ಹತ್ತೊಂಬತ್ತರ ಸಾಲು ಹಾಕಿದಳು. ಇಂಥವಳು ಬಾ ಅಂದಿದ್ದರೆ, ಬಾ ಅಂತಲೇ ಅಂದಿರಬೇಕು ಅನ್ನಿಸ್ತು. ಹೇರಿದ್ದು ಇಳಿಸಿದೆ."

ಬಲಬದಿಯ ಹೆಂಗಸರು ಮೂಗು ಸೀಟಿದರು. ಯಜಮಾನ ಮಾತ್ರ ಕೋಲು ಅಡ್ಡ ಹಿಡಿದ. "ಅದೆಲ್ಲ ಸರಿ. ಮಾತು ಒಮ್ಮೆ ಬಿಚ್ಚಿತು. ಒಂದೇ ಸಲ ಅಂದಿದ್ದೆ ನಾನು. ಇನ್ನು ಇವಳು ಮದುವೆ ಸುದ್ದಿ ಎತ್ತೋ ಹಾಗಿಲ್ಲ. ಅದು ನನ್ನ ಮಾತು."

ಹರಳಿನವಳ ಮುಖ ಸುಣ್ಣದ ಹಾಗಾಯಿತು. ಕಟ್ಟು ಮೀರುವವಳಲ್ಲ ಅವಳು. ಇದು ಯಜಮಾನನಿಗೂ ಗೊತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಅವಳ ಪಕ್ಕದಲ್ಲಿ ಕೂತು ಹರಳನ್ನು ಬುಟ್ಟಿಗೆ ತುಂಬುತ್ತಿದ್ದ ಕಿರಿಯವಳು ತಲೆಯೆತ್ತದೆ ಅಂದಳು: "ನಿಮ್ಮ ಮಾತೂ ಇಪ್ಪತ್ತಮೂರನೇ ದಿನಕ್ಕೇ ಬಿಚ್ಚಿತಲ್ಲ, ಯಜಮಾನರೇ?"

ಊರು ನಕ್ಕ ಸದ್ದಿಗೆ ಕತ್ತೆ ಬೆದರಿತು.

ಅವತ್ತೇ ಮದುವೆಯಾಯಿತು. ದೊಡ್ಡ ಬಿಡುವು ಮುಗಿದ ದಿನ ಹರಳು ಹಾಕಿದವರು ಹೊಸ ಮಿತಿಯನ್ನು ಸಾರಬೇಕು. ಅರಿಸಿನ ಮೆತ್ತಿದ ಕೈ ಕಂಬಕ್ಕೆ ಇಟ್ಟು ಅವಳು ಸಾರಿದಳು: ಇನ್ನು ಮಾತು ಮೂವತ್ತನಾಲ್ಕು ದಿನ. ಯಜಮಾನ ಕೆತ್ತುವವನನ್ನು ಕರೆಸಲಾ ಅಂದ. "ಕೆತ್ತಬೇಡಿ. ಸುಣ್ಣದಲ್ಲಿ ಬರೀರಿ ಸಾಕು" ಅಂದಳು. ಆಮೇಲೆ ಯಜಮಾನ ಕಿರಿಯವಳ ಮುಂದೆ ಹೋಗಿ, ಎಲ್ಲರ ಎದುರಿಗೆ, ಮದುವೆಯಾಗುತ್ತೀಯಾ ಅಂತ ಹೊಸದಾಗಿ ಕೇಳಿದ. ಅವಳು, "ಮುಂದಿನ ಬಾಗಿಲಿಗೆ ಹೇಳ್ತೀನಿ" ಅಂದಳು. ಅವನು ಬದುಕಿದ್ದಷ್ಟು ಕಾಲ ಪ್ರತಿ ಬಾಗಿಲಿಗೂ ಕೇಳಿದ, ಪ್ರತಿ ಬಾಗಿಲಿಗೂ ಅವಳು ಅದನ್ನೇ ಹೇಳಿದಳು.

ಮೂವತ್ತನಾಲ್ಕನ್ನು ಮೀರುವ ಬಿಡುವು ಆಮೇಲೆ ಬರಲೇ ಇಲ್ಲ. ವರ್ಷ ಹತ್ತಾಯಿತು, ಇಪ್ಪತ್ತಾಯಿತು. ರಾಶಿ ಬೆಟ್ಟವಾಯಿತು, ಸಾಲು ಹಾಕಲು ಅರ್ಧ ಊರೇ ಕೂರಬೇಕಾಯಿತು. ಬಿಡುವು ಇಪ್ಪತ್ತಾಗುವುದು, ಮೂವತ್ತಾಗುವುದು, ಮೂವತ್ತನಾಲ್ಕಕ್ಕೂ ಒಮ್ಮೆ ಮುಟ್ಟಿ ನಿಲ್ಲುವುದು. ಒಂದು ಸಲವೂ ದಾಟಲಿಲ್ಲ. ಊರ ಗಂಡಹೆಂಡಿರು ಇಪ್ಪತ್ತೆರಡು ವರ್ಷ ಒಬ್ಬರಿಗೊಬ್ಬರು ಬಿಗಿಯಾಗಿಯೇ ಇದ್ದರು, ಬೇರೆ ದಾರಿ ಇಲ್ಲದೆ.

ಆಮೇಲೆ ಬಂತು. ಒಂಬತ್ತು ಸಾವಿರದ ಐನೂರ ಎಂಬತ್ತಾರನೆಯ ದಿನ, ಬಿಡುವಿನ ಮೂವತ್ತೈದನೆಯ ದಿನ. ಒಂದೇ ಒಂದು ದಿನ! ಮಾರನೆಯ ದಿನ ಬಾಗಿಲು ತೆರೆದುಬಿಟ್ಟಿತು. ಆ ಒಂದು ದಿನ ಊರಿನ ಮಾತೆಲ್ಲ ಬಿಚ್ಚಿತ್ತು. ಅವತ್ತಿನ ರಾಶಿ ಎರಡರ ಸಾಲಿಗೇ ಕೂತಿತು, ಹರಳಿನವಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ನಾನು ಬೇರೆ ಎಲ್ಲ ಮನೆಗಳನ್ನೂ ಬಿಟ್ಟು ಅವಳ ಮನೆಯನ್ನೇ ಕಾದೆ. ಈಗ ಇವರಿಬ್ಬರೂ ಗಂಡಹೆಂಡತಿಯಲ್ಲ. ಯಾರು ಚಾಪೆ ಎತ್ತುತ್ತಾರೆ, ಯಾರು ಹೊರಗೆ ಬರುತ್ತಾರೆ ಅಂತ.

ಯಾರೂ ಬರಲಿಲ್ಲ. ಬರಲಿಲ್ಲ ಅಂದರೆ, ಅವಳು ಬಂದು ಮಟಮಟ ಮಧ್ಯಾಹ್ನ ಬೀದಿಕದ ಹಾಕಿಕೊಂಡಳು. ಚಿಲಕದ ಸದ್ದು ನನಗೆ ಕೇಳಿಸಿತು. ಎಪ್ಪತ್ತು ದಾಟಿದವರು! ತಾಳಿಯ ಮಾತು ಬಿಚ್ಚಿದ ದಿನ! ಗಂಡಲ್ಲದ ಗಂಡಸಿನ ಜೊತೆ, ಒಂದೇ ಮನೆಯಲ್ಲಿ! ಸಂಜೆಯವರೆಗೆ ಆ ಕದ ತೆರೆಯಲಿಲ್ಲ. ಒಳಗಿಂದ ಅವನೇನೋ ಅನ್ನುವುದು, ಅವಳು ನಗುವುದು, ಅಷ್ಟೇ.

ಎರಡು ದಿನ ತಡೆದೆ. ಮೂರನೆಯ ಬೆಳಿಗ್ಗೆ ಅವಳು ಹರಳು ಹಿಡಿದು ಹೋಗುವಾಗ ದಾರಿಗೆ ಅಡ್ಡ ನಿಂತೆ.

"ಏನೇ, ಮೊನ್ನೆ ಮದುವೆಯಿಲ್ಲದೆ ಕದ ಹಾಕ್ಕೊಂಡಿದ್ದೆಯಂತೆ? ಊರೆಲ್ಲ ಆಡ್ಕೊಳ್ತಿದೆ."

"ನೀನು ಹೇಳಿದ ಮೇಲೆ ಆಡ್ಕೊಳ್ಳದೆ ಇರ್ತಾರಾ?" ಅಂದಳು. ನಾಚಲೂ ಇಲ್ಲ.

"ಆ ವಯಸ್ಸಿಗೆ ಏನಿತ್ತೇ ಅಂಥಾದ್ದು?"

ಅವಳು ನಿಂತಳು. ಮುಷ್ಟಿ ಬಿಚ್ಚಿ ಆ ದಿನದ ಹರಳನ್ನು ನೋಡಿದಳು.

"ಬಾಕಿ ದಿನವೆಲ್ಲ ಅವರು ಮಾತಿಗೆ ಇದ್ದರೋ ನನಗೆ ಇದ್ದರೋ ಹೇಗೆ ಹೇಳೋದು? ಮೊನ್ನೆ ಒಂದು ದಿನ ಗೊತ್ತಾಯ್ತು" ಅಂದಳು. "ಅಂಥದ್ದು ಇನ್ನೊಂದು ಬರೋವರೆಗೆ ನಾನು ಸಾಯಲ್ಲ ಕಣೆ."

"ಯಾವಾಗ ಬರುತ್ತಂತೆ?"

"ಬಂದೇ ಬರುತ್ತೆ. ಯಾವಾಗ ಅಂತ ಹಾಕಿ ನೋಡಬೇಕು" ಅಂದು, ಹರಳನ್ನು ಮುಷ್ಟಿಯಲ್ಲಿ ಹಿಡಿದು, ಹುಡುಗಿಯ ಹಾಗೆ ಬೇಗ ಬೇಗ ನಡೆದಳು.